ಒಂದೇ ಚಾಪೆ, ಎರಡು ಕಾಲಂ

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಸಮೀಕ್ಷೆಗೆ ಹೊರಟಾಗ, ಜಾತಿಗಳ ಹೆಸರಿಗೆ ‘ಕ್ರಿಶ್ಚಿಯನ್’ ಅಂಟಿಸಿದ್ದ ಪಟ್ಟಿ ಗದ್ದಲ ಎಬ್ಬಿಸಿತು. ಕೊನೆಗೆ ಆ ಹೆಸರುಗಳನ್ನು ಸಮೀಕ್ಷೆಯ ಆ್ಯಪ್‌ನಲ್ಲಿ ಮರೆಮಾಡಲಾಯಿತು. ಮರೆಯಾದದ್ದು ಹೆಸರಷ್ಟೇ, ಜಾತಿಯಲ್ಲ.

ಇದಕ್ಕೆ ರಾಯಚೂರು ಸೀಮೆಯೇ ಸಾಕ್ಷಿ. ಅಲ್ಲಿಗೆ ಕ್ರೈಸ್ತ ಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೇ ಅದರ ಬೇರಿದೆ. ಕಲ್ಮಲ, ಮಾನ್ವಿ, ದೇವದುರ್ಗದ ಕಡೆಯ ಚರ್ಚುಗಳಲ್ಲಿ ಪಾದ್ರಿ ಕರಾವಳಿಯವರಿರಬಹುದು, ಹಾಡು ತೆಲುಗಿನದಿರಬಹುದು. ಮುಂದೆ ಕೂತವರಲ್ಲಿ ದಲಿತ ಕೇರಿಯವರೇ ಹೆಚ್ಚು. ಭಾನುವಾರ ಎಲ್ಲರಿಗೂ ಒಂದೇ ಚಾಪೆ. ಸೋಮವಾರ ಮಗನ ಜಾತಿ ಪ್ರಮಾಣಪತ್ರಕ್ಕೆಂದು ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಂತವನು ಧರ್ಮದ ಕಾಲಂನಲ್ಲಿ ‘ಹಿಂದೂ’ ಎಂದೇ ಬರೆಸಬೇಕು. ಇಲ್ಲವಾದರೆ ಪರಿಶಿಷ್ಟ ಜಾತಿಯ ಸೌಲಭ್ಯ ಹೋಯಿತು. ಇದನ್ನು ಕಪಟ ಎನ್ನುವವರು, ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಸೀಮಿತಗೊಳಿಸಿದ್ದ 1950ರ ರಾಷ್ಟ್ರಪತಿ ಆದೇಶವನ್ನು ಒಮ್ಮೆ ಓದಲಿ. ಅದರ ಬಾಗಿಲು ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತ್ತು. ಅದು ಸಾಲದೆಂಬಂತೆ ಅದೇ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ಬಾಲಕೃಷ್ಣನ್ ಆಯೋಗ ಬಂತು, ಅದಕ್ಕೂ ಅವಧಿ ವಿಸ್ತರಣೆಯಾಯಿತು!

ಚರ್ಚಿನ ಕೈಯೂ ಶುದ್ಧವಿಲ್ಲ. ತನ್ನೊಳಗೆ ಅಸ್ಪೃಶ್ಯತೆ ಉಳಿದಿದೆ ಎಂದು ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಮಂಡಳಿಯೇ 2016ರಲ್ಲಿ ಒಪ್ಪಿಕೊಂಡಿತು. ಸರ್ಕಾರಕ್ಕೆ ಮನವಿ ಕೊಡುವ ಕ್ರೈಸ್ತ ಸಭೆಗಳು ತಮ್ಮಲ್ಲಿ ಯಾರ ಮನೆಗೆ ಯಾರು ಹೆಣ್ಣು ಕೊಡುತ್ತಾರೆ, ಆಡಳಿತ ಸಮಿತಿಯಲ್ಲಿ ಕೇರಿಯವರೆಷ್ಟು ಎಂಬ ಲೆಕ್ಕವನ್ನೂ ಮುಂದಿಡಲಿ.