ನೀರಿಗೆ ತಕ್ಕ ಮೀನು

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಬಣ್ಣದ ಮೀನು ಸಾಕುವ ವಿದ್ಯಾರ್ಥಿಗಳಿಗೆ ಬೇಗನೆ ಎದುರಾಗುವ ತೊಡಕು ನೀರಿನ ಪಿ.ಎಚ್. ಪುಸ್ತಕದಲ್ಲಿ ೬.೫ ಎಂದಿರುತ್ತದೆ, ಮನೆಯ ಕೊಳವೆಬಾವಿಯ ನೀರು ೮ನ್ನು ತೋರಿಸುತ್ತದೆ. ಕೂಡಲೆ ನಿಂಬೆರಸವೋ ಅಂಗಡಿಯ ಆಮ್ಲದ ಸೀಸೆಯೋ ತೊಟ್ಟಿಗೆ ಬರಿದಾಗುತ್ತದೆ. ಈ ಅಭ್ಯಾಸವನ್ನು ಬಿಟ್ಟು, ಇರುವ ನೀರಿಗೆ ತಕ್ಕ ಮೀನನ್ನು ಆರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಈ ಮಾನವನ್ನು ೧೯೦೯ರಲ್ಲಿ ಬಳಕೆಗೆ ತಂದವನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ರಸಾಯನಜ್ಞ ಸೊರೆನ್ಸನ್. ೭ ತಟಸ್ಥ, ಅದಕ್ಕೆ ಕೆಳಗೆ ಆಮ್ಲ, ಮೇಲೆ ಕ್ಷಾರ. ಲಾಗರಿತಮ್ಮಿನ ಲೆಕ್ಕವಾದುದರಿಂದ, ನೀರು ೮ರಿಂದ ೭ಕ್ಕೆ ಇಳಿದರೆ ಅದರಲ್ಲಿನ ಹೈಡ್ರೊಜನ್ ಅಯಾನುಗಳು ಹತ್ತು ಮಡಿಯಾಗುತ್ತವೆ. ಒಂದು ರಾತ್ರಿಯಲ್ಲಿ ಇಂಥ ಬದಲಾವಣೆಯನ್ನು ತಾಳಿಕೊಳ್ಳುವುದು ಮೀನಿಗೆ ಸುಲಭವಲ್ಲ.

ನಮ್ಮ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬೇಳೆ ಬೇಗ ಬೇಯದು, ಸೋಪು ನೊರೆಯಾಗದು, ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುತ್ತದೆ. ಮಣ್ಣಿನೊಳಗಣ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಶಿಲೆಗಳನ್ನು ಸವೆಸುತ್ತ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟುಗಳು ಅದರಲ್ಲಿ ಸೇರುತ್ತವೆ. ಕಾವೇರಿಯ ನೀರು ಇದಕ್ಕಿಂತ ಮೆದು. (ಅದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿನವರೆಗೂ ಹೋಗುತ್ತದೆಂಬುದನ್ನು ವಾಚಕರು ಬಲ್ಲರು.)

ಈ ಬೈಕಾರ್ಬೊನೇಟೇ ತೊಟ್ಟಿಯ ಕಾವಲುಗಾರ. ನಾವು ಹಾಕಿದ ಆಮ್ಲವನ್ನು ಅದು ನುಂಗಿ ಇಂಗಾಲದ ಡೈಆಕ್ಸೈಡಾಗಿ ಮಾರ್ಪಡುತ್ತದೆ. ಆ ಅನಿಲವು ನೀರಿನಲ್ಲಿರುವಷ್ಟು ಹೊತ್ತು ಪಿ.ಎಚ್. ಇಳಿದಂತೆ ತೋರಿ, ಅದು ಗಾಳಿಗೆ ಹಾರಿಹೋದ ಮೇಲೆ ಮತ್ತೆ ಏರುತ್ತದೆ. ಹುಡುಗನು ಮತ್ತೆ ಸುರಿಯುತ್ತಾನೆ. ಹೀಗೆ ಏರಿಳಿಯುತ್ತ ಒಂದು ದಿನ ಬೈಕಾರ್ಬೊನೇಟು ಮುಗಿದುಹೋಗಿ ಪಿ.ಎಚ್. ಒಮ್ಮೆಲೇ ಕುಸಿಯುತ್ತದೆ. ಸಂಶಯವಿದ್ದವರು ಎರಡು ಲೋಟಗಳಲ್ಲಿ ಮಳೆನೀರನ್ನೂ ಬಾವಿನೀರನ್ನೂ ತೆಗೆದುಕೊಂಡು, ಕೆಂಪು ದಾಸವಾಳದ ಕಷಾಯ ಬೆರೆಸಿ, ನಿಂಬೆರಸವನ್ನು ತೊಟ್ಟುತೊಟ್ಟಾಗಿ ಬಿಟ್ಟು ನೋಡಲಿ. ಮಳೆನೀರು ಬೇಗನೆ ಕೆಂಪೇರುವುದು. ಬಾವಿನೀರು ಬಹಳ ಹೊತ್ತು ಹಟ ಹಿಡಿಯುವುದು.

ಹಾಗೆಂದು ಕ್ಷಾರದ ನೀರಿನಲ್ಲಿ ಅಪಾಯವೇ ಇಲ್ಲವೆಂದಲ್ಲ. ಮೀನಿನ ಮಲದಿಂದಲೂ ಮಿಕ್ಕ ಆಹಾರದಿಂದಲೂ ಹುಟ್ಟುವ ಅಮೋನಿಯಾ ೨೫ ಡಿಗ್ರಿ ಸೆಂಟಿಗ್ರೇಡಿನಲ್ಲಿ, ಪಿ.ಎಚ್. ೭ ಇದ್ದಾಗ, ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ ವಿಷರೂಪದಲ್ಲಿರುತ್ತದೆ. ೮ರಲ್ಲಿ ಸುಮಾರು ಐದು ಪಾಲು. ಉಳಿದದ್ದು ಅಷ್ಟಾಗಿ ಕೇಡು ಮಾಡದ ಅಮೋನಿಯಂ. ಆದ್ದರಿಂದ ನಮ್ಮವರು ಆಹಾರವನ್ನು ಮಿತವಾಗಿ ಹಾಕಬೇಕು. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯ ಸಂಗತಿ ಇನ್ನೂ ವಿಚಿತ್ರ. ಅಮೋನಿಯಾವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಗಳು ಬೈಕಾರ್ಬೊನೇಟನ್ನು ಕರಗಿಸುತ್ತ ಬರುವುದರಿಂದ ನೀರು ಆಮ್ಲವಾಗುತ್ತದೆ. ಆಮ್ಲದಲ್ಲಿ ಅವುಗಳ ಕೆಲಸವೂ ಕುಂದಿ ಅಮೋನಿಯಂ ಶೇಖರವಾಗುತ್ತದೆ. ಆಗ ಅರ್ಧ ತೊಟ್ಟಿಗೆ ಬಾವಿನೀರನ್ನು ತುಂಬಿದರೆ ಪಿ.ಎಚ್. ನೆಗೆದು ಅಮೋನಿಯಂ ವಿಷವಾಗುತ್ತದೆ. ಬೆಳಗಾಗುವುದರೊಳಗೆ ಮೀನುಗಳು ತೇಲುತ್ತವೆ, ದೂರು ಬಾವಿಯ ಮೇಲೆ ಬರುತ್ತದೆ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ಬದಲಿಸುತ್ತಿದ್ದರೆ ಈ ಸಾವು ತಪ್ಪುತ್ತಿತ್ತು.

ಗಪ್ಪಿ, ಮಾಲಿ, ಪ್ಲಾಟಿ ಮೀನುಗಳು ಗಡಸು ನೀರಿನಲ್ಲಿಯೇ ಚೆನ್ನಾಗಿ ಬಾಳುತ್ತವೆ. ಅಮೆಜಾನಿನ ಮೆದು ನೀರಿನ ನಿಯಾನ್ ಟೆಟ್ರಾ ಬೇಕೇಬೇಕೆನ್ನುವವರು ಶುಚಿಯಾದ ಮಳೆನೀರನ್ನು ಹಿಡಿದಿಟ್ಟು, ಬಾವಿನೀರಿನೊಡನೆ ಪ್ರತಿಸಲವೂ ಅದೇ ಅಳತೆಯಲ್ಲಿ ಬೆರೆಸಲಿ.

ಅಳೆಯುವವರಿಗೊಂದು ಮಾತು. ಆಗತಾನೆ ಎತ್ತಿದ ಬಾವಿನೀರಿನಲ್ಲಿ ಅನಿಲವು ಹೆಚ್ಚಾಗಿರುವುದರಿಂದ ಅದರ ಪಿ.ಎಚ್. ಕಡಮೆ ತೋರಬಹುದು, ಒಂದು ದಿನ ತೆರೆದಿಟ್ಟು ಅಳೆಯಬೇಕು. ಗಿಡಗಳಿರುವ ತೊಟ್ಟಿಯಲ್ಲಿ ಸಂಜೆಯ ಅಂಕಿ ಬೆಳಗಿನದಕ್ಕಿಂತ ಮೇಲಿರುತ್ತದೆ. ದಿನವೂ ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡತಕ್ಕದ್ದು.