ಬೀರುವಿನ ಹಿಂದಿನ ರೌಟರ್

ಮನೆಯ ಅಂತರ್ಜಾಲ ನಿಧಾನವಾಗಿದೆಯೆಂದು ದೂರು ಕೊಟ್ಟರೆ ಸೇವೆ ಒದಗಿಸುವವರಿಂದ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ದೊಡ್ಡ ಪ್ಲಾನಿಗೆ ಬದಲಾಯಿಸಿಕೊಳ್ಳಿ ಸರ್." ಕಳೆದ ತಿಂಗಳು ನನಗೂ ಇದೇ ಸಲಹೆ ದೊರೆಯಿತು. ನನ್ನದು 50 ಮೆಗಾಬಿಟ್ಟಿನ ಸಂಪರ್ಕ. 100ಕ್ಕೆ ಏರಿಸಿದರೆ ಲ್ಯಾಪ್‌ಟಾಪ್ ಸರಿಹೋಗುವುದೆಂದು ದೂರವಾಣಿಯಲ್ಲಿದ್ದ ಯುವಕ ವಿನಯದಿಂದಲೇ ಹೇಳಿದ. ಒಪ್ಪಿಕೊಳ್ಳುವುದರಲ್ಲಿದ್ದೆ. ಭಾನುವಾರ ಬಂತೆಂದರೆ ಪರದೆಯ ಮೇಲೆ ಮೊಮ್ಮಗಳ ಮುಖ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಎಷ್ಟು ವಾರ ಸಹಿಸುವುದು?

ಆದರೆ ಪ್ರಯೋಗಶಾಲೆಯಲ್ಲಿ "ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಳೆದು ಬರೆದುಕೊಳ್ಳಿ" ಎಂದು ನಿಮಗೆಲ್ಲ ವರ್ಷಗಟ್ಟಲೆ ಹೇಳಿದವನು, ತಾನು ಮಾತ್ರ ಅಳೆಯದೆ ಹಣ ತೆರುವುದು ನಾಚಿಕೆಯೆನಿಸಿತು. ನೋಟುಪುಸ್ತಕ ತೆಗೆದೆ.

ಮೊದಲು ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರವಾಗಿ ರೌಟರಿಗೆ ಜೋಡಿಸಿ ವೇಗ ನೋಡಿದೆ: 48. ಅಂದರೆ ಹೊರಗಿನಿಂದ ಬರುವ ಸಂಪರ್ಕ ನೆಟ್ಟಗಿದೆ. (ಇದು ಬಿಟ್ಟುಗಳ ಲೆಕ್ಕ. ಕಡತ ಇಳಿಸುವಾಗ ಕಾಣುವುದು ಬೈಟುಗಳು; ಎಂಟರಿಂದ ಭಾಗಿಸಿದರೆ 6. ಇದನ್ನರಿಯದೆ ಜಗಳಕ್ಕೆ ಹೋದ ಸಹೋದ್ಯೋಗಿಯೊಬ್ಬರು ನನಗಿದ್ದಾರೆ.) ಕೇಬಲ್ ಕಿತ್ತು, ಅಲ್ಲಿಯೇ ವೈಫೈಯಲ್ಲಿ ನೋಡಿದರೆ 36. ನಾನು ಕೂರುವ ಒಳಕೋಣೆಯಲ್ಲಿ 4!

ಕಳ್ಳ ಮನೆಯೊಳಗೇ ಇದ್ದ. ತಂತಿ ಎಲ್ಲಿ ಒಳಹೊಕ್ಕಿತ್ತೋ ಅಲ್ಲಿಯೇ, ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ ರೌಟರ್ ಕುಳಿತಿತ್ತು. ಕಣ್ಣಿಗೆ ಬೀಳದಂತಿರಲಿ ಎಂದು ಮನೆಯವರು ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಲೋಹದ ತಗಡು ರೇಡಿಯೋ ಅಲೆಗಳನ್ನು ಪ್ರತಿಫಲಿಸುತ್ತದೆಂದು ಪಾಠ ಮಾಡಿದವನ ಮನೆಯ ಸ್ಥಿತಿ ಇದು. ತಂತಿಯನ್ನು ಉದ್ದ ಮಾಡಿಸಿ ನಡುಮನೆಯ ಎತ್ತರದ ಹಲಗೆಗೆ ಸಾಗಿಸಿದ ಮೇಲೆ ಒಳಕೋಣೆಯಲ್ಲಿ 21 ಬಂತು.

ಮುಂದಿನದು ನೆರೆಹೊರೆಯ ಗದ್ದಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೆ ಒಟ್ಟಿಗೆ ನಡೆಯಬಲ್ಲ ಚಾನೆಲ್‌ಗಳು ಸಾಮಾನ್ಯವಾಗಿ ಮೂರೇ: 1, 6, 11. ಸುತ್ತಲಿನ ಮನೆಗಳ ಹೆಚ್ಚಿನ ರೌಟರ್‌ಗಳು ನನ್ನಂತೆಯೇ 6ರಲ್ಲಿ ಮುಗಿಬಿದ್ದಿದ್ದವು. 11ಕ್ಕೆ ಬದಲಿಸಿದೆ, 26 ಆಯಿತು. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ, ಸುಮಾರು 2.45ರಲ್ಲಿ, ಕೆಲಸ ಮಾಡುವುದರಿಂದ ಸಾರು ಬಿಸಿಯಾಗುವಷ್ಟು ಹೊತ್ತು ಅಂಕಿ ಕುಸಿಯುವುದು ಇನ್ನೂ ಇದೆ.

ಅದೇ ಕೋಣೆಯಲ್ಲಿ ಮೊಬೈಲಿಗೆ 40 ಬರುತ್ತದೆ. ಅದು 5 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಬಲ್ಲುದು. ಆ ಅಲೆಗಳು ಗೋಡೆಗೆ ಬೇಗ ಸೋಲುತ್ತವೆ, ಆದರೆ ಅಲ್ಲಿ ಜನಸಂದಣಿ ಕಡಿಮೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಆ ಪಟ್ಟಿ ಕಾಣುವುದೇ ಇಲ್ಲ. ಅದು ತೋರಿಸುವ ಗರಿಷ್ಠ ಸಂಪರ್ಕ ವೇಗವೇ 72, ಕೈಗೆ ಹತ್ತುವುದು ಅದರ ಅರ್ಧದಷ್ಟು. 100ರ ಪ್ಲಾನಿಗೆ ಹಣ ಸುರಿದಿದ್ದರೂ ಈ ಯಂತ್ರಕ್ಕೆ ಒಂದು ಹನಿಯೂ ಹೆಚ್ಚು ಸಿಗುತ್ತಿರಲಿಲ್ಲ.

ನನ್ನ ತಕರಾರು ಇಲ್ಲಿದೆ. "ಕೇಬಲ್ ಹಾಕಿದರೆ ಎಷ್ಟು ಬರುತ್ತದೆ ಸರ್?" ಎಂಬ ಒಂದು ಪ್ರಶ್ನೆಯನ್ನು ಆ ಯುವಕ ಕೇಳಬಹುದಿತ್ತು. ಕೇಳುವಂತೆ ಅವನಿಗೆ ಯಾರೂ ಕಲಿಸಿಲ್ಲ, ಮಾರುವುದನ್ನು ಮಾತ್ರ ಕಲಿಸಿದ್ದಾರೆ. ಪಿಂಚಣಿಯಲ್ಲಿ ದಿನ ದೂಡುವ ನನ್ನ ಓರಗೆಯವರೆಷ್ಟೋ ಮಂದಿ ಹೀಗೆ ಪ್ರತಿ ತಿಂಗಳೂ ಬೇಡದ ವೇಗಕ್ಕೆ ಹಣ ಕಟ್ಟುತ್ತಿರಬಹುದು. ಕೇಬಲ್ಲಿನಲ್ಲಿಯೇ 10 ಬಂದಿದ್ದರೆ ತಪ್ಪು ಅವರದೇ. ಆಗ ಬಿಡದೆ ಕೇಳಬೇಕು, ಅಂಕಿಗಳನ್ನು ಮುಂದಿಟ್ಟುಕೊಂಡು. ನಿಮ್ಮಲ್ಲಿ ಯಾರಾದರೂ ಊರಿಗೆ ಹೋದಾಗ ತಂದೆತಾಯಿಯರ ಮನೆಯಲ್ಲಿ ಅರ್ಧ ಗಂಟೆ ಕುಳಿತು ಇದನ್ನು ಅಳೆದುಕೊಡಿ.

ಎರಡೂ ಪಟ್ಟಿಗಳನ್ನು ಹಿಡಿಯುವ ಪುಟ್ಟ ಯುಎಸ್‌ಬಿ ಅಡಾಪ್ಟರ್ ಕೊಳ್ಳಿರೆಂದು ಮಗ ಹೇಳುತ್ತಾನೆ. ಇನ್ನೂ ಕೊಂಡಿಲ್ಲ. 26ರಲ್ಲಿಯೇ ಮೊಮ್ಮಗಳು ಒಡೆಯದೆ ಕಾಣುತ್ತಿದ್ದಾಳೆ.