ತಾಯಿ ಕಾರ್ಡಿನಲ್ಲಿ ಇನ್ನೊಂದು ಪುಟ

ಮಾನ್ಯ ಆಯುಕ್ತರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಬೆಂಗಳೂರು

ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಿಂದ ಮಗು ಹೊರಬರುವಾಗ ಅದಕ್ಕಿನ್ನೂ ಹೆಸರಿಟ್ಟಿರುವುದಿಲ್ಲ. ಕಾಗದಗಳಲ್ಲಿ ಅದು ‘ಬೇಬಿ ಆಫ್’ ಇಂಥವರು. ಬಾಣಂತಿ ಅಲ್ಲಿಂದ ತವರಿಗೆ ಹೋಗುತ್ತಾಳೆ. ಇಂಗ್ಲಿಷಿನ ಡಿಸ್ಚಾರ್ಜ್ ಚೀಟಿ ಎಷ್ಟೋ ಸಲ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಎರಡು ವಾರ ಕಳೆದ ಮೇಲೆ ಕೂಸಿನ ಮೈ ಕೆಂಪೇರಿ ಗುಳ್ಳೆಯೆದ್ದರೆ ಹಿರಿಯರು ‘ಅಮ್ಮ’ ಆಗಿದೆ ಎನ್ನುತ್ತಾರೆ, ಬೇವಿನ ಸೊಪ್ಪು ತರುತ್ತಾರೆ. ಆಸ್ಪತ್ರೆಯಲ್ಲಿ ಯಾವ ಔಷಧ ಕೊಟ್ಟಿದ್ದರು ಎಂದು ಊರಿನ ವೈದ್ಯರು ಕೇಳಿದರೆ ಸಿಗುವ ಉತ್ತರ ಇಷ್ಟೇ: “ಇಂಜೆಕ್ಷನ್ ಕೊಟ್ಟಿದ್ರು ಸಾರ್.”

ಈ ಪತ್ರ ಆ ಉತ್ತರದ ಬಗ್ಗೆ.

ಎಲ್ಲ ಗುಳ್ಳೆಗೂ ಹೆದರಬೇಕಿಲ್ಲ, ನಿಜ. ತಿಂಗಳು ತುಂಬಿ ಹುಟ್ಟಿದ ಎಷ್ಟೋ ಕೂಸುಗಳಿಗೆ ಮೊದಲ ಮೂರ್ನಾಲ್ಕು ದಿನಗಳಲ್ಲಿ ಕೆಂಪು ಮಚ್ಚೆ, ಸಣ್ಣ ಬೊಕ್ಕೆ ಎದ್ದು ತಾವಾಗಿಯೇ ಹೋಗುತ್ತವೆ. ಕೈಕಾಲಿನ ತೆಳು ಸಿಪ್ಪೆ ಏಳುವುದೂ ಸಹಜವೇ. ಔಷಧದಿಂದಾಗಿ ಚರ್ಮವೇ ಕಳಚಿಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅದರ ಇನ್ನೂ ಉಗ್ರ ರೂಪವಾದ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್ ನವಜಾತ ಶಿಶುಗಳಲ್ಲಿ ತೀರಾ ಅಪರೂಪ. ಅಪರೂಪವಾದ್ದರಿಂದಲೇ ಎದುರಿಗೆ ಬಂದಾಗ ಗುರುತು ಹತ್ತುವುದಿಲ್ಲ.

ಫಿಟ್ಸ್ ಬಂದ ಶಿಶುವಿಗೆ ಸಾಮಾನ್ಯವಾಗಿ ಮೊದಲು ಕೊಡುವ ಔಷಧ ಫೀನೋಬಾರ್ಬಿಟೋನ್. ಫಿಟ್ಸ್ ತಡೆಯಲು ಅದು ಬೇಕೇ ಬೇಕು. ಈ ಚರ್ಮದ ಕಾಯಿಲೆಯನ್ನು ತರಬಲ್ಲ ಔಷಧಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಇಂಥ ಪ್ರತಿಕ್ರಿಯೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಔಷಧ ಶುರುಮಾಡಿದ ಒಂದರಿಂದ ನಾಲ್ಕು ವಾರದೊಳಗೆ. ಅಷ್ಟು ಹೊತ್ತಿಗೆ ಮಗು ಅಜ್ಜಿಯ ಮನೆಯ ತೊಟ್ಟಿಲಲ್ಲಿರುತ್ತದೆ.

ಇನ್ನೊಂದು ತೊಡಕೂ ಇದೆ. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷದಿಂದಲೂ ಕೂಸಿನ ಚರ್ಮ ಕುದಿನೀರು ಬಿದ್ದಂತೆ ಸುಲಿಯುತ್ತದೆ. ಪ್ರಾಗ್‌ನ ವೈದ್ಯ ರಿಟ್ಟರ್ 1878ರಲ್ಲೇ ಇದನ್ನು ವಿವರಿಸಿದ್ದರು. 1956ರಲ್ಲಿ ಸ್ಕಾಟ್ಲೆಂಡಿನ ಅಲನ್ ಲಯೆಲ್ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್ ಎಂಬ ಹೆಸರಿಟ್ಟ ಮೇಲೂ ಎರಡು ಕಾಯಿಲೆಗಳನ್ನು ಒಂದೆಂದೇ ತಿಳಿಯುವ ಗೊಂದಲ ಹೋಗಲಿಲ್ಲ. 1970ರಲ್ಲಿ ಮೆಲಿಶ್ ಮತ್ತು ಗ್ಲಾಸ್ಗೋ ಎಂಬ ಇಬ್ಬರು ಆಗತಾನೇ ಹುಟ್ಟಿದ ಇಲಿಮರಿಗಳ ಮೇಲೆ ಪ್ರಯೋಗ ಮಾಡಿ ಬ್ಯಾಕ್ಟೀರಿಯಾದ ಕೈವಾಡ ತೋರಿಸಿದರು. ಒಂದಕ್ಕೆ ಆಂಟಿಬಯೋಟಿಕ್ ಬೇಕು, ಇನ್ನೊಂದರಲ್ಲಿ ಕಾರಣವಾದ ಔಷಧವನ್ನು ಕೂಡಲೇ ನಿಲ್ಲಿಸಬೇಕು. ಬಾಯಿ, ಕಣ್ಣುಗಳಲ್ಲೂ ಹುಣ್ಣಾಗಿದ್ದರೆ ಸಂಶಯ ಔಷಧದ ಕಡೆಗೇ ವಾಲುತ್ತದೆ. ಆದರೆ ಹೆಸರೇ ಗೊತ್ತಿಲ್ಲದ ಔಷಧವನ್ನು ನಿಲ್ಲಿಸುವುದು ಹೇಗೆ, ಸ್ವಾಮಿ?

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಅವುಗಳ ಚರ್ಮದ ಹೊರಪದರ ಬಲಿತಿರುವುದೇ ಇಲ್ಲ. ಸವರಿದ್ದು ಒಳಗೆ ಇಳಿಯುತ್ತದೆ. ಸೋಂಕು ತಡೆಯಲು ಹಚ್ಚುವ ಕ್ಲೋರ್‌ಹೆಕ್ಸಿಡಿನ್ ಅಂಥ ಮಕ್ಕಳ ಚರ್ಮವನ್ನು ಸುಟ್ಟ ವರದಿಗಳು ಬಂದಿದ್ದರಿಂದ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಕೆ ಹೊರಡಿಸಿತು. ಡ್ರಿಪ್‌ನಲ್ಲಿ ಹೋಗುವ ಕ್ಯಾಲ್ಸಿಯಂ ಗ್ಲುಕೋನೇಟ್ ರಕ್ತನಾಳದಿಂದ ಹೊರಗೆ ಸೋರಿದರೆ ಅಲ್ಲಿಯ ಚರ್ಮ ಸತ್ತುಹೋಗಬಹುದು. ಆ ಕಲೆ ಜೀವನಪೂರ್ತಿ ಉಳಿಯಬಹುದು.

ಬರೆದಿಡದಿದ್ದರೆ, ಬರೆದದ್ದನ್ನು ಒಂದೆಡೆ ಕೂಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ 1972ರ ದುರಂತಕ್ಕಿಂತ ಕಟುವಾದ ಪಾಠವಿಲ್ಲ. ಮೊರಾಂಜ್ ಎಂಬ ಶಿಶು ಪೌಡರಿಗೆ ಕ್ರಿಮಿನಾಶಕ ಹೆಕ್ಸಾಕ್ಲೋರೋಫೀನ್ ತಪ್ಪಿನಿಂದ ಶೇಕಡಾ 6ಕ್ಕೂ ಹೆಚ್ಚು ಬೆರೆತಿತ್ತು. ಮಕ್ಕಳ ತೊಡೆಸಂದಿಯ ಚರ್ಮ ಕೆಂಪಾಗಿ ಸುಲಿಯಿತು. ವಿಷ ಮಿದುಳಿಗೆ ಏರಿತು. ಬೇರೆ ಬೇರೆ ಊರುಗಳ ಮನೆಗಳಲ್ಲಿ ಇದ್ದದ್ದು ಒಂದೇ ಡಬ್ಬಿ ಎಂದು ಹೊಳೆಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ 36 ಮಕ್ಕಳು ತೀರಿಕೊಂಡಿದ್ದವು.

ನಮ್ಮ ದೇಶದಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲವೆಂದಲ್ಲ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಗಿ, ಈಗ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಿಂದ ನಡೆಯುತ್ತಿದೆ. 1800-180-3024ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಜನಸಾಮಾನ್ಯರು ತುಂಬುವ ಅರ್ಜಿ ಕನ್ನಡದಲ್ಲೂ ಇದೆ. ಆದರೆ ಆ ಅರ್ಜಿಯೂ ಔಷಧದ ಹೆಸರನ್ನು ಕೇಳುತ್ತದೆ.

ಆದ್ದರಿಂದ ತಮ್ಮಲ್ಲಿ ಕೋರಿಕೆ ದೊಡ್ಡದೇನಲ್ಲ. ಬಾಣಂತಿ ಎಲ್ಲಿಗೆ ಹೋದರೂ ತಾಯಿ ಕಾರ್ಡ್ ಅವಳ ಜೊತೆಗೇ ಹೋಗುತ್ತದೆ, ಏಕೆಂದರೆ ಲಸಿಕೆಗೆ ಅದು ಬೇಕು. ಅದರಲ್ಲಿ ಒಂದು ಪುಟ ಕನ್ನಡದಲ್ಲಿ ಸೇರಿಸಿ: ಮಗುವಿಗೆ ಕೊಟ್ಟ ಔಷಧ, ಶುರುಮಾಡಿದ ದಿನ, ನಿಲ್ಲಿಸಿದ ದಿನ. ಮಗುವನ್ನು ಮನೆಗೆ ಕಳುಹಿಸುವ ಮೊದಲು ಘಟಕದ ನರ್ಸ್ ಅದನ್ನು ತುಂಬಿ, ತಾಯಿಗೆ ಓದಿ ಹೇಳಲಿ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಚರ್ಮದ ಮೇಲೆ ಕೀವುಗುಳ್ಳೆ ಇದೆಯೇ ಎಂದು ನೋಡುತ್ತಾರೆ. ಇಂಥ ಪ್ರತಿಕ್ರಿಯೆ ಕಾಣಿಸುವ ದಿನಗಳೂ ಹೆಚ್ಚುಕಡಿಮೆ ಇವೇ. ಗುಳ್ಳೆ ಹರಡುತ್ತಿದ್ದರೆ, ಮುಟ್ಟಿದರೆ ಚರ್ಮ ಜಾರುತ್ತಿದ್ದರೆ, ಬಾಯಿ ಹುಣ್ಣಾಗಿ ಮಗು ಹಾಲು ಬಿಟ್ಟಿದ್ದರೆ ಆ ಪುಟವನ್ನು ತೆರೆದು, ಅದೇ ದಿನ ಮಗುವನ್ನು ಜಿಲ್ಲಾಸ್ಪತ್ರೆಗೆ ಸಾಗಿಸುವಂತೆ ಅವರಿಗೆ ತರಬೇತಿ ಕೊಡಿಸಿ.

ಕಾರ್ಡಿನ ಮುಂದಿನ ಮುದ್ರಣ ಪ್ರೆಸ್ಸಿಗೆ ಹೋಗುವ ಮುನ್ನ ಈ ಪುಟದ ಕರಡನ್ನು ನಾಲ್ಕು ಜಿಲ್ಲೆಗಳ ನರ್ಸುಗಳಿಗೆ ತೋರಿಸಿ. ಎಷ್ಟು ಸಾಲು ಬೇಕು, ಯಾವ ಪದ ತಾಯಂದಿರಿಗೆ ತಿಳಿಯುತ್ತದೆ ಎಂಬುದು ಅವರಿಗೆ ಗೊತ್ತು.